ಗಂಗಾಳದ ನೀರು

ಕಥೆಗಾರರ ಮಾತನ್ನು ನಾನು ಸುಲಭಕ್ಕೆ ನಂಬುವವಳಲ್ಲ. ಬೆಳಗಾವಿಯ ಮುದ್ರಣಾಲಯವೊಂದರಲ್ಲಿ ಮೂವತ್ತು ವರ್ಷ ಕರಡು ತಿದ್ದಿದವಳು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅನ್ನುವುದೇ ನನ್ನ ಹೊಟ್ಟೆಪಾಡು. ಕಾದಂಬರಿಯಲ್ಲಿ ಎಷ್ಟು ಸುಳ್ಳು ಹೇಳಿದರೂ ನನ್ನ ತಕರಾರಿಲ್ಲ, ಅದು ಅವರ ಕಸುಬು. ಅದೇ ಮನುಷ್ಯ ‘ನಾನು ಕಣ್ಣಾರೆ ಕಂಡದ್ದು’ ಎಂದು ಪ್ರಬಂಧ ಬರೆದರೆ ಮಾತ್ರ ನನಗೆ ಅನುಮಾನ ಶುರುವಾಗುತ್ತದೆ.

ಅಂಥ ಒಬ್ಬ ಕಾದಂಬರಿಕಾರರ ಸಮಗ್ರ ಪ್ರಬಂಧಗಳ ಪುಸ್ತಕ ನಮ್ಮ ಮನೆಯಲ್ಲಿತ್ತು. ಅವರ ಕಾದಂಬರಿಗಳನ್ನು ಈಗ ಕೇಳುವವರಿಲ್ಲ. ಪ್ರಬಂಧಗಳು ಮಾತ್ರ ಮತ್ತೆ ಮತ್ತೆ ಅಚ್ಚಾಗುತ್ತವೆ. ಖಾನಾಪುರದಲ್ಲಿ ಮಾಸ್ತರರಾಗಿದ್ದ ನನ್ನಪ್ಪ ಆ ಪುಸ್ತಕದ ಒಂದೇ ಪ್ರಬಂಧವನ್ನು ಹಾಳೆ ಮೆತ್ತಗಾಗುವಷ್ಟು ಓದಿದ್ದರು. ಖಾನಾಪುರದ ಮಾಸ್ತರರೊಬ್ಬರ ಮನೆಯಲ್ಲಿ ಲೇಖಕರು ಊಟ ಮಾಡಿದ ಪ್ರಸಂಗ ಅದು. ಆ ಮನೆಯವರು ಉಂಡ ಗಂಗಾಳದಲ್ಲೇ ಕೈ ತೊಳೆದು ಆ ನೀರನ್ನು ಕುಡಿಯುತ್ತಾರಂತೆ. ಮನೆಯೊಡತಿ ಇವರೆದುರೇ ಹಾಗೆ ಕುಡಿದಳಂತೆ.

ಆ ಮಾಸ್ತರ ತಾವೇ ಎಂದು ಅಪ್ಪ ಹೇಳುತ್ತಿದ್ದರು. ಹಾಗಾದರೆ ಮನೆಯೊಡತಿ ನನ್ನವ್ವ. ನಾನು ಎರಡು ವರ್ಷದವಳಿದ್ದಾಗ ಅವಳು ತೀರಿಕೊಂಡಳು. ಒಂದು ಫೋಟೋ ಕೂಡ ಇಲ್ಲ. ಅವಳ ಬಗ್ಗೆ ನನಗೆ ಸಿಕ್ಕದ್ದು ಪುಸ್ತಕದ ಆ ಮೂರು ಸಾಲು, ಅವೂ ಸುಳ್ಳು!

ಯಾಕೆಂದರೆ ನಮ್ಮದು ಬಸವಣ್ಣನವರ ದಾರಿಯಲ್ಲಿ ನಡೆಯುವ ಮನೆ. ಉಣ್ಣುವ ಅನ್ನವೇ ನಮಗೆ ಪ್ರಸಾದ, ಅದರ ಒಂದಗುಳೂ ಹಾಳಾಗಬಾರದೆಂದು ಗಂಗಾಳಕ್ಕೆ ತುಸು ನೀರು ಹಾಕಿ, ಬೆರಳಾಡಿಸಿ ಕುಡಿಯುತ್ತೇವೆ. ಆದರೆ ಅದರಲ್ಲಿ ಕೈ ತೊಳೆಯುವುದೆಂದರೆ ಪ್ರಸಾದವನ್ನೇ ಕೆಡಿಸಿದಂತೆ. ಕೈ ತೊಳೆಯುವುದೇನಿದ್ದರೂ ಬಚ್ಚಲಲ್ಲಿ.

“ಅಪ್ಪಾ, ಈ ಮನಷ್ಯಾ ನಮ್ಮನಿಗೆ ಬಂದೇ ಇಲ್ಲ. ಯಾರೋ ಹೇಳಿದ್ದ ಅರ್ಧಮರ್ಧ ಕೇಳಿ ಬರದಾನ,” ಎಂದು ಒಮ್ಮೆ ರೇಗಿದೆ.

“ಬಂದಿದ್ರು. ಬಿಡವಾ,” ಎಂದಷ್ಟೇ ಹೇಳಿ ಅಪ್ಪ ಪುಸ್ತಕ ಮುಚ್ಚಿದರು. ಅಪ್ಪ ದೊಡ್ಡವರ ಹೆಸರಿಗೆ ಮರುಳಾಗಿದ್ದಾರೆ ಎಂದುಕೊಂಡೆ. ಅವರು ತೀರಿಕೊಳ್ಳುವವರೆಗೂ ನನಗೆ ಹಾಗೇ ಅನಿಸಿತ್ತು.

ಹೋದ ವರ್ಷ ಅದೇ ಪುಸ್ತಕದ ಹೊಸ ಮುದ್ರಣದ ಕರಡು ನನ್ನ ಮೇಜಿಗೇ ಬಂತು. ಈ ಸಲ ಆ ಮೂರು ಸಾಲು ತೆಗೆಸಿಯೇ ತೀರುತ್ತೇನೆ ಎಂದು ಹಟ ಹಿಡಿದೆ. ಸಾಕ್ಷಿ ಬೇಕಲ್ಲ? ಆ ಕಾಲದಲ್ಲಿ ಅಪ್ಪನ ಮನೆಯಲ್ಲೇ ಇದ್ದ ಅಪ್ಪನ ತಂಗಿ ಈಗ ಪಾರಿಶ್ವಾಡದಲ್ಲಿದ್ದಾರೆ. ಬಸ್ಸು ಹತ್ತಿ ಹೋಗಿ, ಅವರ ಮುಂದೆ ಕುಳಿತು ಪ್ರಬಂಧವನ್ನು ಓದಿದೆ.

“ಇದು ಸುಳ್ಳ ಹೌದಲ್ಲ, ಅತ್ತಿ?”

ಅತ್ತೆ ಎಲೆಅಡಿಕೆಯ ಚೀಲ ಬಿಚ್ಚಿ, ಏನೂ ತೆಗೆಯದೆ ಮತ್ತೆ ಕಟ್ಟಿದರು. ಬಾಯಿ ಬಿಡಲು ಮನಸ್ಸಿಲ್ಲದ್ದು ಕಂಡು ನನ್ನ ಅನುಮಾನ ಇನ್ನೂ ಬಲವಾಯಿತು.

“ನಿಮ್ಮವ್ವ ನನ್ನ ಕಡೆ ಆಣಿ ಹಾಕಿಸ್ಕೊಂಡಿದ್ಲು, ಯಾರ ಮುಂದೂ ಹೇಳಬ್ಯಾಡ ಅಂತ,” ಎಂದರು ಕೊನೆಗೆ. “ಈಗ ಅದನ್ನ ಬರದವರೂ ಇಲ್ಲ, ನಿಮ್ಮವ್ವನೂ ಇಲ್ಲ. ಕೇಳಿಲ್ಲೆ. ಅವರಿಗೆ ನಮ್ಮ ಪದ್ಧತಿ ಗೊತ್ತಿದ್ದಿಲ್ಲ. ಉಂಡು ಗಂಗಾಳದಾಗ ತಂಬಿಗಿ ನೀರ ಸುರದು ಕೈ ತೊಳಕೊಂಡ್ರು. ಬಾಜೂಕ ನಿಮ್ಮಪ್ಪ ಗಂಗಾಳ ಎತ್ತಿ ಕುಡಿಯೂದು ನೋಡಿ, ತಾವೂ ಕುಡೀಬೇಕೇನೋ ಅಂತ ಆ ಕೈ ತೊಳದ ನೀರ ಗಟಗಟ ಕುಡದಬಿಟ್ರು. ನಾ ಹುಚ್ಚಿ, ಕಿಸಕ್ಕನ ನಕ್ಕೆ. ಅವರ ಮಾರಿ ನಾಚಿ ಇಷ್ಟ ಸಣ್ಣದಾತು.”

“ಆಮ್ಯಾಲ?”

“ನಿಮ್ಮವ್ವ ಇನ್ನ ಉಂಡಿದ್ದಿಲ್ಲ. ಲಗೂನ ಎರಡ ತುತ್ತ ಅನ್ನ ಹಾಕ್ಕೊಂಡು ಅವರ ಮುಂದನ ಕುಂತು ಉಂಡ್ಲು. ಗಂಗಾಳದಾಗ ಕೈ ತೊಳದ್ಲು. ಎತ್ತಿ ಕುಡದ್ಲು. ‘ನಮ್ಮಲ್ಲೂ ಹಿಂಗ ರೀ’ ಅಂದ್ಲು. ಹುಟ್ಟಿದಾಗಿಂದ ನೇಮ ತಪ್ಪಿದಾಕಿ ಅಲ್ಲ ಅಕಿ.”

ನನಗೆ ಅಲ್ಲಿಯೇ ಅಳು ಬಂತು. ಆ ಮನುಷ್ಯ ಕಂಡದ್ದನ್ನು ಕಂಡ ಹಾಗೆಯೇ ಬರೆದಿದ್ದರು. ಅವರನ್ನು ನಂಬಿಸಿದವಳು ನನ್ನವ್ವ. ಅವಳನ್ನು ತಿಳಿಯಲು ನನಗೆ ಈ ಲೋಕದಲ್ಲಿ ಉಳಿದಿದ್ದುದು ಆ ಮೂರೇ ಸಾಲು, ಅವನ್ನೂ ಅಳಿಸಿಬಿಡಲು ನಾನು ಬಸ್ಸು ಹತ್ತಿ ಬಂದಿದ್ದೆ.