ಮುಖದ ಮೇಲಷ್ಟೇ ಇದ್ದ ಕೊಳೆ

ನನಗೆ ಒರೆಸುವ ಚಟ. ಕಾಲೇಜಿನ ಭೌತಶಾಸ್ತ್ರ ಪ್ರಯೋಗಾಲಯದಲ್ಲಿ ಸಹಾಯಕನಾಗಿದ್ದು, ನಿವೃತ್ತನಾಗುವ ತನಕ ಲೆನ್ಸು, ಪ್ರಿಸಂ, ಗಾಜಿನ ಪಟ್ಟಿ ಒರೆಸುತ್ತಲೇ ಬಂದವನು. ಮನೆಯಲ್ಲಿ ಊಟಕ್ಕೆ ಕೂತರೂ ತಾಟನ್ನು ಒಮ್ಮೆ ಬೆರಳಿನಿಂದ ಉಜ್ಜಿ ನೋಡುತ್ತೇನೆ. ಹೆಂಡತಿ ಪ್ರತಿ ಸಲವೂ ಮುಖ ಸಿಂಡರಿಸುತ್ತಾಳೆ. ಇದು ನನ್ನ ಒಳ್ಳೆಯ ಗುಣ ಎಂದೇ ಬಹಳ ದಿನ ತಿಳಿದಿದ್ದೆ.

ಚಿಕ್ಕೋಡಿಯಲ್ಲಿ ಅಪ್ಪನ ಫೋಟೋ ಸ್ಟುಡಿಯೋ ಇತ್ತು. ಅಪ್ಪ ತೀರಿಕೊಂಡ ಮೇಲೆ ಬಾಗಿಲು ಹಾಕಿದ್ದ ಆ ಕಟ್ಟಡವನ್ನು ಹೋದ ವರ್ಷ ಕೆಡವುವಾಗ ಅಟ್ಟದ ಮೇಲೆ ಒಂದು ಕಟ್ಟಿಗೆಯ ಪೆಟ್ಟಿಗೆ ಸಿಕ್ಕಿತು. ಒಳಗೆ ಅಂಗೈಯಗಲದ ನೆಗೆಟಿವ್‌ಗಳು. ಕರಿ ಬಟ್ಟೆಯೊಳಗೆ ತಲೆ ತೂರಿಸಿ ಫೋಟೋ ತೆಗೆಯುತ್ತಿದ್ದ ದೊಡ್ಡ ಕ್ಯಾಮೆರಾಕ್ಕೆ ಒಂದೊಂದಾಗಿ ಹಾಕುತ್ತಿದ್ದ ಫಿಲ್ಮಿನ ಹಾಳೆಗಳು ಅವು. ನಿಪ್ಪಾಣಿಯ ನನ್ನ ಮನೆಗೆ ತಂದು ಎಣಿಸಿದೆ, ಐವತ್ತೆರಡು ಇದ್ದವು. ಬಹುತೇಕ ಎಲ್ಲವೂ ಮದುವೆಗೆ ಬಂದ ಹುಡುಗಿಯರವು, ಗಂಡಿನ ಕಡೆಯವರಿಗೆ ಕಳಿಸಲೆಂದು ತೆಗೆಸಿದವು.

ಅಷ್ಟು ದೊಡ್ಡ ಫಿಲ್ಮಿಗೆ ಒಗ್ಗುವ ಸ್ಕ್ಯಾನರ್ ನಮ್ಮ ಕಡೆ ಎಲ್ಲೂ ಇಲ್ಲ. ಕ್ಯಾಮೆರಾದಿಂದಲೇ ಮಾಡಬಹುದೆಂದು ಮೊಬೈಲಿನಲ್ಲಿ ನೋಡಿ ಕಲಿತೆ. ಅಪ್ಪ ಫೋಟೋ ದೊಡ್ಡದು ಮಾಡಲು ಬಳಸುತ್ತಿದ್ದ ಹಳೆಯ ಎನ್‌ಲಾರ್ಜರಿನ ಕಂಬಕ್ಕೆ ಮಗನ ಕ್ಯಾಮೆರಾವನ್ನು ಕೆಳಮುಖ ಮಾಡಿ ಬಿಗಿದೆ. ಕೆಳಗೆ ಬೆಳಕಿನ ಹಲಗೆ, ಅದರ ಮೇಲೆ ನೆಗೆಟಿವ್, ಸುತ್ತ ಬೆಳಕು ಸೋರದಂತೆ ಕರಿ ಕಾಗದದ ಚೌಕಟ್ಟು. ತೆಗೆದ ಚಿತ್ರವನ್ನು ಲ್ಯಾಪ್‌ಟಾಪಿನಲ್ಲಿ ತಿರುವುಮುರುವು ಮಾಡಿದರೆ ಕಪ್ಪಿದ್ದದ್ದು ಬಿಳುಪಾಗಿ, ಬಿಳುಪಿದ್ದದ್ದು ಕಪ್ಪಾಗಿ, ಯಾವುದೋ ಊರಿನ ಹುಡುಗಿ ಎದ್ದು ಬಂದು ನನ್ನನ್ನೇ ನೋಡುತ್ತಿದ್ದಳು.

ತೆಗೆಯುವ ಮೊದಲು ಒರೆಸಬೇಕಲ್ಲ. ಭೂತಗನ್ನಡಿಯಲ್ಲಿ ನೋಡಿದರೆ ನೆಗೆಟಿವ್ ಮೇಲೆ ಬೂದು ಬಣ್ಣದ ಸಣ್ಣ ಸಣ್ಣ ಚುಕ್ಕೆ, ಗೀರು, ಮೇಲೊಂದು ಅಂಟಂಟು ಪದರ. ಹತ್ತಿಗೆ ಸ್ಪಿರಿಟ್ ಹಚ್ಚಿ ನಿಧಾನವಾಗಿ ತಿಕ್ಕಿದೆ. ಎಲ್ಲ ಹೋಯಿತು. ಆ ಕೊಳೆ ಮುಖದ ಮೇಲಷ್ಟೇ ಇತ್ತು. ಸೀರೆಯ ಮೇಲೆ ಇರಲಿಲ್ಲ, ಹಿಂದಿನ ಪರದೆಯ ಮೇಲೆ ಇರಲಿಲ್ಲ. ಐವತ್ತು ಹಾಳೆ ಒರೆಸಿದರೂ ಇದೇಕೆ ಹೀಗೆ ಎಂದು ಒಂದು ಸಲವೂ ಕೇಳಿಕೊಳ್ಳಲಿಲ್ಲ. ಧೂಳಿಗೆ ಮುಖ ಯಾವುದು, ಸೆರಗು ಯಾವುದು ಎಂದು ಗೊತ್ತಿರುತ್ತದೆಯೇ? ಪ್ರಯೋಗಾಲಯದಲ್ಲಿ ಹುಡುಗರಿಗೆ ಗಮನಿಸಿ, ಗಮನಿಸಿ ಎಂದು ಬೈಯುತ್ತಿದ್ದ ನಾನೇ ಗಮನಿಸಲಿಲ್ಲ. ಕೊನೆಯ ಎರಡು ಹಾಳೆ ಉಳಿದದ್ದು ನನ್ನ ಬುದ್ಧಿಯಿಂದಲ್ಲ, ಸ್ಪಿರಿಟ್ ಮುಗಿದದ್ದರಿಂದ.

ಲ್ಯಾಪ್‌ಟಾಪಿನಲ್ಲಿ ಒಂದೊಂದು ಮುಖದ ಸಿಡುಬಿನ ಕಲೆ, ಮೊಡವೆ, ಸುಟ್ಟ ಗುರುತು ಎಲ್ಲ ಎಣಿಸುವಂತೆ ಕಂಡವು. ಇಷ್ಟು ಸ್ಪಷ್ಟವಾಗಿ ಅಪ್ಪನೂ ತೋರಿಸಿರಲಿಲ್ಲ ಎಂದು ನಾನು ಬೀಗಿದೆ. ಬೀಗಿಕೊಂಡೇ ಸದಲಗಾಕ್ಕೆ ಹೊರಟೆ.

ಸದಲಗಾದಲ್ಲಿ ನನ್ನ ಸೋದರತ್ತೆ ತನ್ನ ಮಗಳ ಮನೆಯಲ್ಲಿದ್ದಾಳೆ. ಚಿಕ್ಕ ವಯಸ್ಸಿನಲ್ಲೇ ಗಂಡನನ್ನು ಕಳೆದುಕೊಂಡು ನಮ್ಮ ಮನೆಗೆ ಬಂದವಳು, ಸ್ಟುಡಿಯೋದ ಕಿಟಕಿಯ ಬಳಿ ಇಳಿಜಾರಿನ ಒಂದು ಮೇಜಿನ ಮುಂದೆ ಪೆನ್ಸಿಲ್ ಹಿಡಿದು ಕೂತಿರುತ್ತಿದ್ದಳು. ಏನೋ ಚಿತ್ರ ಬರೆಯುತ್ತಾಳೆ ಎಂದುಕೊಂಡಿದ್ದ ವಯಸ್ಸು ನನ್ನದು. ದೊಡ್ಡವನಾದ ಮೇಲೂ ಕೇಳಲಿಲ್ಲ. ಈಗ ಅವಳ ಕಣ್ಣು ಪೂರಾ ಮಬ್ಬು.

ಲ್ಯಾಪ್‌ಟಾಪ್ ಮುಂದಿಟ್ಟರೆ ಅದನ್ನು ಕೈಯಿಂದ ಸರಿಸಿದಳು. "ಇದರಾಗ ನನಗ ಬೆಳಕ ಅಷ್ಟ ಕಾಣತೈತಿ ತಮ್ಮಾ. ನೆಗೆಟಿವ್ ತಂದಿಯೇನ? ಕೈಯಾಗ ಕೊಡ."

ಕೊಳೆ ಎಷ್ಟಿತ್ತು ಎಂದು ತೋರಿಸಲು ಒರೆಸಿದ್ದೊಂದು, ಒರೆಸದ ಎರಡು, ಹೀಗೆ ಮೂರು ಒಯ್ದಿದ್ದೆ. ಮೊದಲನೆಯದನ್ನು ಕೊಟ್ಟೆ. ಅವಳು ಅದರ ಮೂಲೆಯನ್ನು ಕೆಳದುಟಿಗೆ ಮುಟ್ಟಿಸಿ ಚಿತ್ರ ಮೂಡುವ ಮದ್ದು ಬಳಿದ, ತುಟಿಗೆ ತುಸು ಅಂಟುವ ಮಗ್ಗುಲು ಯಾವುದೆಂದು ಗುರುತಿಸಿದಳು. ಆಮೇಲೆ ತೋರುಬೆರಳಿನಿಂದ ಮುಖ ಇದ್ದ ಜಾಗವನ್ನು ಸವರಿದಳು. ಮತ್ತೆ ಸವರಿದಳು.

"ನುಣ್ಣಗ ಐತೆಲ್ಲ. ನನ್ನ ಪೆನ್ಸಿಲ್ ಎಲ್ಲಿ ಹೋತು?"

ಅಲ್ಲಿ ಕೂತಲ್ಲೇ ನನಗೆ ಎಲ್ಲ ಹೊಳೆಯಿತು. ಕಲೆಯ ನೆರಳು ನೆಗೆಟಿವ್‌ನಲ್ಲಿ ಬೆಳಕು ಹಾಯುವ ತೆಳ್ಳಗಿನ ಚುಕ್ಕೆಯಾಗಿ ಬೀಳುತ್ತದೆ. ಅದನ್ನು ಸೂಜಿಯಂತೆ ಚೂಪು ಮಾಡಿದ ಪೆನ್ಸಿಲಿನಿಂದ ತುಂಬಿದರೆ ಫೋಟೋದಲ್ಲಿ ಕೆನ್ನೆ ಒಂದೇ ಸಮನಾಗುತ್ತದೆ. ಅಪ್ಪನ ಫೋಟೋದಲ್ಲಿ ಹುಡುಗಿಯರು ಚೆಂದ ಕಾಣುತ್ತಾರೆ ಎಂದು ರಾಯಬಾಗ, ಅಥಣಿಯಿಂದ ಮಂದಿ ಬರುತ್ತಿದ್ದದ್ದು ಅತ್ತೆಯ ಕೈಗಾಗಿ. ಅವಳು ವರ್ಷಗಟ್ಟಲೆ ಕೂತು ಮಾಡಿದ್ದನ್ನು ನಾನು ಮೂರು ದಿನದಲ್ಲಿ ಹತ್ತಿಯಿಂದ ತೆಗೆದು ಕಸದ ಬುಟ್ಟಿಗೆ ಹಾಕಿದ್ದೆ.

"ಒರಿಸಿದೆ ಅತ್ತಿ. ಕೊಳಿ ಅಂದ್ಕೊಂಡೆ."

ಅವಳು ಸಿಟ್ಟಾಗಿದ್ದರೆ ಎಷ್ಟೋ ಚೆನ್ನಾಗಿತ್ತು. "ಎಷ್ಟ ಒರಿಸಿದಿ?" ಎಂದು ಮೆಲ್ಲಗೆ ಕೇಳಿದಳು.

"ಇದೊಂದ ಅತ್ತಿ. ಉಳದದ್ದು ಮುಟ್ಟಿಲ್ಲ."

ಅರವತ್ತು ದಾಟಿದ ಗಂಡಸು ನಾನು. ಹುಡುಗನಂತೆ ಸುಳ್ಳು ಹೇಳಿದೆ, ಅದನ್ನು ಖರೇ ಮಾಡಲು ಒರೆಸದೆ ಉಳಿದ ಆ ಎರಡನ್ನೂ ಅವಳ ಕೈಗಿಟ್ಟೆ. ಬೆರಳು ಆಡಿಸಿದಳು. ಮುಖ ಅರಳಿತು. ನನ್ನ ಮೇಲೆ ನನಗೇ ಹೇಸಿಗೆಯಾಯಿತು.

"ಇಕಿ ಶೇಡಬಾಳದ ಜೈನರ ಹುಡುಗಿ ಇರಬೇಕು, ಮಾರಿ ತುಂಬ ಸಿಡಬಿನ ಕಲಿ ಇದ್ದು," ಎಂದಳು. "ಗದ್ದದ ಮ್ಯಾಲಿನ ಒಂದು ಕಲಿ ಬಿಟ್ಟೀನಿ, ನೋಡು. ಪೂರಾ ತಗದ್ರ ನೋಡಾಕ ಬಂದವರು ಇಕಿ ಬ್ಯಾರೆ ಅಂತಾರ. ಯಾವುದು ಬಿಡಬೇಕು ಅನ್ನೂದ ಕೆಲಸ. ತಗ್ಯಾಕ ಯಾರಿಗೂ ಬರತೈತಿ."

ಇನ್ನೊಮ್ಮೆ ಆ ಗದ್ದವನ್ನು ಸವರಿ, "ನಿಮ್ಮಪ್ಪನ ಹೆಸರ ಬೋರ್ಡಿನ ಮ್ಯಾಲೆ ಇತ್ತು. ನಂದು ಇದರಾಗ ಐತಿ," ಎಂದಳು.

ವಾಪಸ್ ಬರುವಾಗ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಬಸ್ಸು ನಿಂತು ನಿಂತು ಹೊರಟಿತು. ಇಳಿದು ಮತ್ತೆ ಹೋಗಿ ಹೇಳಿಬಿಡೋಣ ಎಂದು ಎರಡು ಸಲ ಎದ್ದೆ, ಎರಡು ಸಲ ಕೂತೆ. ಮನೆಗೆ ಬಂದು ಲ್ಯಾಪ್‌ಟಾಪಿನಲ್ಲಿ ಕಲೆಗಳನ್ನು ಅಳಿಸಿ ನೋಡಿದೆ. ಒಂದೇ ಒತ್ತಿಗೆ ಎಲ್ಲವೂ ಹೋದವು, ಹುಡುಗಿಯರೆಲ್ಲ ಒಂದೇ ತಾಯಿಯ ಮಕ್ಕಳಂತೆ ಕಂಡರು. ಯಾರ ಮುಖದಲ್ಲಿ ಅತ್ತೆ ಏನು ಬಿಟ್ಟಿದ್ದಳೋ, ಹೇಳುವ ಗುರುತು ಒಂದೂ ಉಳಿದಿರಲಿಲ್ಲ.

ಮುಂದಿನ ಭಾನುವಾರ ಅತ್ತೆಯೇ ಮಗಳ ಫೋನಿನಿಂದ ಮಾತಾಡಿದಳು. ಒರೆಸಿ ಹೋದ ಆ ಒಂದನ್ನು ಸರಿ ಮಾಡೋಣ, ರಾಳ ಮತ್ತು ಟರ್ಪೆಂಟೈನ್ ತಗೊಂಡು ಬಾ ಎಂದಳು. ಬರಿ ಫಿಲ್ಮಿನ ಮೇಲೆ ಪೆನ್ಸಿಲ್ ನಿಲ್ಲುವುದಿಲ್ಲವಂತೆ, ಮೊದಲು ರಾಳ ಕರಗಿಸಿ ತೆಳ್ಳಗೆ ಸವರಬೇಕಂತೆ. ನಾನು ಅಂಟಂಟು ಕೊಳೆ ಎಂದು ತೆಗೆದದ್ದೂ ಅದೇ.

ಹೋದೆ. ಕಿಟಕಿಯ ಗಾಜಿಗೆ ನೆಗೆಟಿವ್ ಆನಿಸಿದೆವು. ಪೆನ್ಸಿಲ್ ನನ್ನ ಕೈಯಲ್ಲಿ, ನನ್ನ ಮಣಿಕಟ್ಟು ಅವಳ ಕೈಯಲ್ಲಿ. ಎಲ್ಲಿ ಚುಕ್ಕೆ ಇದೆ ಎಂದು ನಾನು ಹೇಳಬೇಕು, ಎಷ್ಟು ಒತ್ತಬೇಕು ಎಂದು ಅವಳು ಹಿಡಿದು ತೋರಿಸಬೇಕು. "ಬರೀಬ್ಯಾಡ, ಮುಟ್ಟು. ಬರೇ ಮುಟ್ಟು," ಎನ್ನುತ್ತಿದ್ದಳು. ಕುತ್ತಿಗೆ ಸೆಟೆಯಿತು, ಕಣ್ಣಲ್ಲಿ ನೀರು ಬಂತು. ಮಧ್ಯಾಹ್ನದಿಂದ ಹೊತ್ತು ಇಳಿಯುವ ತನಕ ಕೂತು ಒಂದು ಕೆನ್ನೆಯ ಅರ್ಧ ಆಯಿತು. ಅದೂ ಹೇಳಿಕೊಳ್ಳುವಂತೇನೂ ಆಗಿರಲಿಲ್ಲ.

ಅವಳಿಗೆ ಮಾತ್ರ ಖುಷಿ. ಇಷ್ಟು ವರ್ಷಗಳಲ್ಲಿ ಅವಳ ಹತ್ತಿರ ಈ ಕೆಲಸ ಯಾರೂ ಕಲಿತಿರಲಿಲ್ಲ. "ಒಂದ ಐತೆಲ್ಲ, ಅವಸರ ಇಲ್ಲ," ಎಂದಳು. "ಅದೊಂದು ಅಳಿಸಿದ್ದು ಛಲೋ ಆತು ಬಿಡು ತಮ್ಮಾ. ಇಲ್ಲಂದ್ರ ನೀ ಯಾವಾಗ ಕಲೀತಿದ್ದಿ?"

ಒರೆಸಿ ಹಾಕಿದ ಉಳಿದ ನಲವತ್ತೊಂಬತ್ತರ ಮಾತು ಹೇಳಲು ಅದಕ್ಕಿಂತ ಸರಿಯಾದ ಗಳಿಗೆ ನನಗೆ ಸಿಗುತ್ತಿರಲಿಲ್ಲ. ಹೂಂ ಎಂದೆ, ಕೈಯನ್ನು ಅವಳ ಕೈಯಲ್ಲೇ ಬಿಟ್ಟೆ.