ಕೇಸಿಂಗ್ ಪೈಪಿನೊಳಗಿನ ಶನಿ

ನಮ್ಮೂರು ಹುಲಗೋಳದ ಶಾಲೆಯಲ್ಲಿ ಮೊನ್ನೆ ಕರಿಹಲಗೆಗೆ ಬಣ್ಣ ಹೊಡೆಯುತ್ತಿದ್ದರು. ಹಾಲಿನ ಡೇರಿಗೆ ಹೊರಟವನು ಕಿಟಕಿಯ ಪಕ್ಕ ಒಂದು ಗಳಿಗೆ ನಿಂತುಬಿಟ್ಟೆ. ಆ ಘಾಟು ಮೂಗಿಗೆ ಬಡಿದರೆ ನಿಮಗೆ ಮಗ್ಗಿಯೋ, ಬೆತ್ತವೋ, ಪಕ್ಕದಲ್ಲಿ ಕೂರುತ್ತಿದ್ದ ಗೆಳೆಯನೋ ನೆನಪಾಗಬಹುದು. ನನಗೆ ನೆನಪಾಗುವುದು ಬೋರ್‌ವೆಲ್ಲಿಗೆ ಇಳಿಸುವ ಏಳಿಂಚಿನ ಒಂದು ಕೇಸಿಂಗ್ ಪೈಪು. ಉದ್ದನೆಯ ಕೋಲಿಗೆ ಬಟ್ಟೆ ಸುತ್ತಿಕೊಂಡು ಅದರ ಹೊಟ್ಟೆಯೊಳಗೆ ಇದೇ ಬಣ್ಣವನ್ನು ಒಂದು ಭಾನುವಾರವಿಡೀ ಬಳಿದಿದ್ದೆ. ಅರ್ಧ ಬಣ್ಣ ಪೈಪಿಗೆ, ಇನ್ನರ್ಧ ನನಗೆ. ಆ ಪೈಪಿನಲ್ಲಿ ನಾವು ನೀರು ಹುಡುಕಲಿಲ್ಲ. ಶನಿಗ್ರಹವನ್ನು ಹುಡುಕಿದೆವು.

ನಾನು ರಸ್ತೆ ಕೆಲಸದ ಓವರ್ಸಿಯರ್ ಆಗಿದ್ದವನು. ಶಿರಸಿ, ಸಿದ್ದಾಪುರ, ಯಲ್ಲಾಪುರ, ಈ ಮೂರು ತಾಲೂಕುಗಳೊಳಗೇ ವರ್ಗವಾಗುತ್ತ, ರಸ್ತೆಗಳ ಏರುತಗ್ಗು ಅಳೆಯುತ್ತ ನೌಕರಿ ಮುಗಿಸಿದೆ. ಅಳೆಯುವುದಕ್ಕೆ ಮೂರು ಕಾಲಿನ ಮೇಲೆ ಕೂರುವ ಲೆವೆಲ್ ಯಂತ್ರವೊಂದಿತ್ತು. ಅದರ ಕೊಳವೆಗೆ ಕಣ್ಣಿಟ್ಟರೆ ದೂರದಲ್ಲಿ ಅಳತೆಪಟ್ಟಿ ಹಿಡಿದು ನಿಂತವನು ಹತ್ತಿರ ಬರುತ್ತಾನೆ, ಆದರೆ ತಲೆಕೆಳಗಾಗಿ. ಜೀವಮಾನವಿಡೀ ಜನರನ್ನು ತಲೆಕೆಳಗಾಗಿ ನೋಡಿದವನಿಗೆ ಮನುಷ್ಯರು ಸರಿಯಾಗಿ ಅರ್ಥವಾಗುವುದು ಹೇಗೆ ಎಂದು ನನ್ನ ಹೆಂಡತಿ ಸಾವಿತ್ರಿ ಈಗಲೂ ಕೇಳುವುದುಂಟು.

ತೊಂಬತ್ತರ ದಶಕದ ನಡುವೆ ನಿಲ್ಕುಂದದ ಕಡೆ ಘಟ್ಟದ ರಸ್ತೆಯ ಕೆಲಸ ನಡೆದಿತ್ತು. ಲೆವೆಲ್ ಯಂತ್ರದ ಕೊಳವೆಯನ್ನು ಮೇಲಕ್ಕೆ ಎತ್ತಲು ಬರುವುದಿಲ್ಲ, ನೆಲದ ಮಟ್ಟಕ್ಕೇ ನೋಡಬೇಕು. ಆದರೆ ಘಟ್ಟದ ಅಂಚಿನಲ್ಲಿ ನಿಂತವನ ಮಟ್ಟಕ್ಕೆ ಮುಳುಗುವ ಚಂದ್ರನೇ ಇಳಿದು ಬರುತ್ತಾನೆ. ಒಂದು ಸಂಜೆ ಯಂತ್ರ ಮಡಚುವ ಮೊದಲು ಸುಮ್ಮನೆ ಪಡುವಣಕ್ಕೆ ತಿರುಗಿಸಿದೆ. ಬಿದಿಗೆಯೋ ತದಿಗೆಯೋ ಇರಬೇಕು. ಎಳೆಯ ಚಂದ್ರನ ಒಳಬದಿ ಹಲ್ಲು ಕಚ್ಚಿದ ಹಾಗೆ ಒರಟೊರಟಾಗಿತ್ತು. ಅಲ್ಲೂ ಗುಡ್ಡ, ಅಲ್ಲೂ ಗುಂಡಿ, ಅಲ್ಲೂ ರಸ್ತೆ ಮಾಡಲು ಕಷ್ಟವಿದೆ ಎಂದುಕೊಂಡೆ. ಅವತ್ತು ಹತ್ತಿದ ಹುಚ್ಚು ಇದು.

ಹುಚ್ಚು ಹತ್ತಿದವನು ಮೊದಲು ಮಾಡುವ ಕೆಲಸ ಅವಸರದ ಖರೀದಿ. ಹುಬ್ಬಳ್ಳಿಯ ವಸ್ತುಪ್ರದರ್ಶನವೊಂದರಲ್ಲಿ ಮಿರಿಮಿರಿ ಮಿಂಚುವ ದುರ್ಬೀನು ಕಂಡಿತು. ಬೆರಳು ದಪ್ಪದ ಕಾಲುಗಳು, ಬಳೆಯಷ್ಟು ಅಗಲದ ಬಾಯಿ. ಡಬ್ಬಿಯ ಮೇಲೆ ಆರುನೂರು ಪಟ್ಟು ದೊಡ್ಡದಾಗಿ ತೋರಿಸುತ್ತದೆ ಎಂಬ ಬರಹ. ಯಂತ್ರಗಳ ವಿಷಯ ನನಗೆ ಯಾರು ಹೇಳಿಕೊಡಬೇಕು ಎಂಬ ಜಂಬದಲ್ಲಿ ಹೊತ್ತು ತಂದೆ. ಅಂಗಳದಲ್ಲಿಟ್ಟು ಶನಿಯತ್ತ ತಿರುಗಿಸಿದರೆ ಉಸಿರು ಬಿಟ್ಟರೂ ಅದು ನಡುಗುತ್ತಿತ್ತು. ಸಾವಿತ್ರಿ ನೋಡಿ, "ಎಣ್ಣೆಗೆ ಬಿದ್ದ ಸಂಡಿಗೆ ಕುಣಿದಾಂಗೆ ಕಾಣ್ತು. ನಿಮಗೆ ಎಂತ ಕಾಣ್ತು?" ಎಂದಳು.

"ಉಂಗುರ ಕಾಣ್ತು. ನಿಂಗೆ ನೋಡಿ ಅಭ್ಯಾಸ ಇಲ್ಲೆ," ಎಂದೆ.

ನನಗೂ ಕುಣಿಯುವ ಸಂಡಿಗೆಯೇ ಕಂಡಿತ್ತು. ಆಮೇಲೆ ತಿಳಿದದ್ದೇನೆಂದರೆ, ಆ ವರ್ಷ ಶನಿಯ ಉಂಗುರ ತನ್ನ ಅಂಚನ್ನು ಭೂಮಿಯ ಕಡೆ ತಿರುಗಿಸಿತ್ತಂತೆ. ದೊಡ್ಡ ದೊಡ್ಡ ದೂರದರ್ಶಕಗಳಿಗೂ ಗೆರೆಯಷ್ಟು ತೆಳುವಾಗಿ ಕಾಣುವ ಕಾಲ ಅದು. ಹೇಳಿದ ಸುಳ್ಳನ್ನು ಆಕಾಶವೇ ಹಿಡಿದುಹಾಕಿದ ಅನುಭವ ನಿಮಗಿದೆಯೋ ಇಲ್ಲವೋ, ನನಗಿದೆ.

ಇದನ್ನು ತಿಳಿಸಿದವರು ಖಾದರ್ ಸಾಹೇಬರು. ಶಿರಸಿ ಪೇಟೆಯಲ್ಲಿ ಅವರದೊಂದು ಚಷ್ಮಾ ಅಂಗಡಿ. ಗಿರಾಕಿ ಇಲ್ಲದ ಹೊತ್ತಿನಲ್ಲಿ ಗಾಜುಗಳನ್ನು ಒಂದರ ಹಿಂದೊಂದು ಹಿಡಿದು ಎದುರಿನ ಗೋಡೆ ನೋಡುತ್ತ ಕೂರುವ ಮನುಷ್ಯ. ಕನ್ನಡಕ ಬದಲಿಸಲು ಹೋದಾಗ ಮಾತಿಗೆ ಮಾತು ಬಂದು, ಕೆಲವು ವರ್ಷ ಅಟ್ಟದಲ್ಲಿ ಬಿದ್ದಿದ್ದ ನನ್ನ ದುರ್ಬೀನನ್ನು ಅವರಿಗೆ ತಂದು ತೋರಿಸಿದೆ. ಅವರು ಅದರ ಕಡೆ ನೋಡುವ ಮೊದಲು ಡಬ್ಬಿ ಓದಿದರು.

"ಮಬ್ಬಾಗಿರೋದನ್ನ ಆರ್ನೂರು ಪಟ್ಟು ಮಾಡಿದ್ರೆ ಆರ್ನೂರು ಪಟ್ಟು ಮಬ್ಬೇ ಸಿಗ್ತದೆ, ಓವರ್ಸಿಯರ್ರೇ."

"ಹಂಗಾದ್ರೆ ಎಂತ ನೋಡಿ ತಗೊಳ್ಳಬೇಕು?"

"ಬಾಯಿ ಎಷ್ಟು ಅಗಲ ಅಂತ ನೋಡಿ. ಸೂರಿನ ನೀರು ಹಿಡಿಯೋಕೆ ಲೋಟ ಇಡ್ತೀರೋ, ಹಂಡೆ ಇಡ್ತೀರೋ? ಬೆಳಕೂ ಹಂಗೇ. ಆಮೇಲೆ ಕಾಲು ನೋಡಿ. ನಿಮ್ಮ ಲೆವೆಲ್ ಯಂತ್ರ ಅಲ್ಲಾಡಿದ್ರೆ ರಸ್ತೆ ಏನಾಗ್ತದೆ?"

ಅಷ್ಟು ಅಗಲದ ಮಸೂರವೆಂದರೆ ನಮ್ಮ ಕೈಗೆ ಎಟುಕುವುದಲ್ಲ, ಆದರೆ ಅಷ್ಟೇ ಅಗಲದ ಒಳಬಾಗಿದ ಕನ್ನಡಿ ಎಟುಕುತ್ತದೆ ಎಂದರು. ಕೊಳವೆಯ ತಳದಲ್ಲಿ ಆ ಕನ್ನಡಿ. ಅದು ಬೆಳಕನ್ನು ಕೂಡಿಸಿ ಮೇಲಕ್ಕೆ ಕಳಿಸುತ್ತದೆ. ಕೊಳವೆಯ ಬಾಯಿಯ ಹತ್ತಿರ ಓರೆಯಾಗಿ ಕೂತ ಪುಟ್ಟ ಕನ್ನಡಿಯೊಂದು ಅದನ್ನು ಪಕ್ಕದ ತೂತಿನಿಂದ ನಮ್ಮ ಕಣ್ಣಿಗೆ ಕೊಡುತ್ತದೆ. ಎಂಟಿಂಚು, ಹತ್ತಿಂಚು ಎಂದು ನಾನು ಆಸೆಪಟ್ಟಾಗ ಸಾಹೇಬರು ತಡೆದರು. "ಹೊರಗೆ ಹೊತ್ತು ತರೋಕೆ ಇಬ್ಬರು ಬೇಕಾದ್ರೆ ಎರಡು ಸಲ ನೋಡ್ತೀರಿ, ಮೂರನೇ ಸಲ ಬಟ್ಟೆ ಮುಚ್ಚಿ ಇಡ್ತೀರಿ. ಆರಿಂಚು ಸಾಕು." ಪುಣೆಯ ಹವ್ಯಾಸಿಯೊಬ್ಬರು ಕೈಯಿಂದಲೇ ಉಜ್ಜಿ ಮಾಡಿದ ಕನ್ನಡಿಯನ್ನು ಅಂಚೆಯಲ್ಲಿ ತರಿಸಿದೆವು. ಕೊಳವೆಗೆ ಕೇಸಿಂಗ್ ಪೈಪು, ಒಳಗೆ ಬೇಡದ ಬೆಳಕು ಹೊಳೆಯದಿರಲೆಂದು ಆ ಕಪ್ಪು ಬಣ್ಣ. ಕಾಲಿನ ಬದಲು, ಅತ್ತಿತ್ತ ತಿರುಗುವ, ಮೇಲೆ ಕೆಳಗೆ ಬಾಗುವ ಮರದ ಪೆಟ್ಟಿಗೆ. ಊರಿನ ಬಡಗಿ ಅದನ್ನು ಮಾಡಿಕೊಟ್ಟು, ಇದರಲ್ಲಿ ಏನು ತುಂಬುತ್ತೀರಿ ಎಂದು ಕೇಳಿದ.

ಬಳಸುವುದನ್ನು ಕಲಿಯಲು ಒಂದು ಚಳಿಗಾಲವೇ ಬೇಕಾಯಿತು. ಬೆಚ್ಚನೆಯ ಕೋಣೆಯಿಂದ ತಂದ ಕನ್ನಡಿ ಹೊರಗಿನ ತಂಪಿಗೆ ಹೊಂದಿಕೊಳ್ಳದೆ ಏನನ್ನೂ ಸರಿಯಾಗಿ ತೋರಿಸುವುದಿಲ್ಲ. ಹೊತ್ತು ಮುಳುಗುವಾಗಲೇ ತಂದಿಟ್ಟು ನಾವು ಚಹಾ ಕುಡಿದು ಬರಬೇಕು. ಎರಡು ಕನ್ನಡಿಗಳೂ ಒಂದನ್ನೊಂದು ನೆಟ್ಟಗೆ ನೋಡುತ್ತಿವೆಯೋ ಎಂದು ತಳದ ತಿರುಪುಗಳನ್ನು ತಿರುಗಿಸಿ ಸರಿಪಡಿಸಬೇಕು. ಕಣ್ಣಿಡುವ ತೂತಿಗೆ ಮೊದಲು ಕಡಿಮೆ ಹಿಗ್ಗಿಸುವ ಕಣ್ಣುಮಸೂರ ಹಾಕಿ ಹುಡುಕಬೇಕು, ಸಿಕ್ಕಮೇಲೆ ಹೆಚ್ಚಿನದು. ಚಿತ್ರ ತಲೆಕೆಳಗಾಗಿ ಬರುತ್ತದೆ. ಅದೊಂದರಲ್ಲಿ ಮಾತ್ರ ನನಗೆ ಯಾರೂ ಪಾಠ ಹೇಳಬೇಕಾಗಲಿಲ್ಲ.

ಎರಡು ಸಾವಿರದ ಇಸವಿ ಕಳೆದು ಎರಡು ಮೂರು ವರ್ಷವಾಗಿತ್ತು. ಮನೆಯ ಹಿಂದೆ ಕೊಯ್ಲಾಗಿ ಖಾಲಿ ಬಿದ್ದ ಗದ್ದೆಯಲ್ಲಿ ಪೆಟ್ಟಿಗೆ ಇಟ್ಟುಕೊಂಡಿದ್ದೆವು. ಅಷ್ಟರಲ್ಲಿ ಶನಿಯ ಉಂಗುರ ಚೆನ್ನಾಗಿ ತೆರೆದುಕೊಂಡಿತ್ತು. ಮೊದಲ ಸಲ ಅದು ಕಣ್ಣಿಗೆ ಬಿದ್ದಾಗ ಯಾರೋ ಕಾಗದದಲ್ಲಿ ಕತ್ತರಿಸಿ ಪೈಪಿನೊಳಗೆ ಅಂಟಿಸಿದ್ದಾರೆ ಅನ್ನಿಸಿತು. ಅಷ್ಟು ಸಣ್ಣದು, ಅಷ್ಟು ಸ್ಪಷ್ಟ. ಸಾವಿತ್ರಿ ನೋಡಿ, "ಇವತ್ತು ಕುಣಿತಿಲ್ಲೆ," ಎಂದಳು. ಅವಳ ಬಾಯಲ್ಲಿ ಅದು ದೊಡ್ಡ ಹೊಗಳಿಕೆ.

ಊರವರು ಒಬ್ಬೊಬ್ಬರಾಗಿ ಬರತೊಡಗಿದರು. ಒಂದು ಭಾನುವಾರದ ಸಂಜೆ ಗಂಗಾ ಅಕ್ಕೋರು ಬಂದರು. ನಮ್ಮೂರ ಶಾಲೆಯಲ್ಲೇ ಕಲಿಸಿ ನಿವೃತ್ತರಾದವರು, ನನಗೂ ಮೂರನೇ ಇಯತ್ತೆಯಲ್ಲಿ ಕಲಿಸಿದವರು. ತಮ್ಮನ ತುಂಬಿದ ಸಂಸಾರದೊಂದಿಗೆ ಇದ್ದರು. ಮಗ್ಗಿ ಬಾರದವನನ್ನು ಅವರು ಬಯ್ಯುತ್ತಿರಲಿಲ್ಲ. ಬಾರದಿದ್ದರೂ ಬರುತ್ತದೆ ಎಂದವನನ್ನು ಬಿಡುತ್ತಿರಲಿಲ್ಲ. "ಬತ್ತಿಲ್ಲೆ ಹೇಳು, ಅಡ್ಡಿಲ್ಲೆ. ಸುಳ್ಳು ಮಾತ್ರ ಹೇಳಡ," ಎನ್ನುತ್ತಿದ್ದರು.

ಅವತ್ತು ತಮ್ಮನ ಸೊಸೆಯ ಕೈ ಹಿಡಿದು ಗದ್ದೆಗೆ ಇಳಿದು ಬಂದರು. ಶಿರಸಿಯಿಂದ ಸ್ಕೂಟರಿನಲ್ಲಿ ಬಂದಿದ್ದ ಖಾದರ್ ಸಾಹೇಬರು ಎದ್ದು ಸ್ಟೂಲು ಕೊಟ್ಟರು. ಅಕ್ಕೋರು ಕೂತು, ಬಗ್ಗಿ, ಬಹಳ ಹೊತ್ತು ನೋಡಿದರು.

"ಕಂಡ್ತಾ ಅಕ್ಕೋರೆ?" ಎಂದೆ.

"ಕಾಣ್ತು ತಮಾ. ಎಷ್ಟು ಚಂದ ಇದ್ದು. ಉಂಗುರ ಸಮಾ ಕಾಣ್ತು."

ನನ್ನ ಎದೆ ಉಬ್ಬಿತು. ಕಲಿಸಿದವರಿಗೇ ಕಾಣಿಸಿಕೊಟ್ಟೆನೆಂದು ಏನೇನೋ ಭಾಷಣ ಶುರುಮಾಡಿದೆ. ಅಷ್ಟರಲ್ಲಿ ಸಾಹೇಬರು ಕಣ್ಣಿಟ್ಟರು. ತಲೆಯೆತ್ತಿ ನನ್ನನ್ನು ನೋಡಿದರು. ನಾನೂ ಬಗ್ಗಿದೆ. ಒಳಗೆ ಏನೂ ಇರಲಿಲ್ಲ, ಬರೀ ಕತ್ತಲೆ. ಭೂಮಿ ತಿರುಗುವುದರಿಂದ ಗ್ರಹ ಒಂದೆರಡು ನಿಮಿಷದಲ್ಲಿ ಜಾರಿ ಹೊರಗೆ ಹೋಗುತ್ತದೆ. ಪೈಪನ್ನು ಆಗಾಗ ಚೂರು ತಳ್ಳುತ್ತಿರಬೇಕು. ಅಕ್ಕೋರು ಬಂದ ಸಡಗರದಲ್ಲಿ ನಾನು ತಳ್ಳುವುದನ್ನೇ ಮರೆತಿದ್ದೆ.

ಸಾಹೇಬರು ಸದ್ದಿಲ್ಲದೆ ಶನಿಯನ್ನು ಮತ್ತೆ ನಡುವಿಗೆ ತಂದರು. "ಅಕ್ಕೋರೆ, ಇನ್ನೊಂದು ಸಲ ನೋಡಿ. ಶನಿಯ ಪಕ್ಕ ಸಣ್ಣ ಚುಕ್ಕಿ ಒಂದಿದೆ, ಅದರ ಚಂದ್ರ. ಅದು ಯಾವ ಕಡೆ ಇದೆ ಹೇಳಿ ನೋಡೋಣ."

ಅಕ್ಕೋರು ನೋಡಿದರು. ತಲೆಯೆತ್ತಿದರು. "ಸಾಹೇಬ್ರು ಪರೀಕ್ಷೆ ಮಾಡ್ತಾ ಇದ್ರು," ಎಂದರು.

"ಚಷ್ಮಾ ಅಂಗಡಿಯವನಿಗೆ ಅದೇ ಕೆಲಸ, ಅಕ್ಕೋರೆ."

ಅಕ್ಕೋರು ಸೆರಗನ್ನು ಬೆರಳಿಗೆ ಸುತ್ತಿಕೊಳ್ಳುತ್ತ ಹೇಳಿದರು. "ಯಂಗೆ ಎಂತದೂ ಕಾಣ್ತಿಲ್ಲೆ. ಬರೀ ಹೊಗೆ. ಒಂದು ವರ್ಷದ ಮೇಲಾತು."

ಪಕ್ಕದಲ್ಲಿದ್ದ ಸೊಸೆ ಬೆಚ್ಚಿಬಿದ್ದಳು. ದಿನಾ ಬೆಳಿಗ್ಗೆ ಅಕ್ಕೋರು ಅವಳಿಂದ ಪೇಪರು ಓದಿಸುತ್ತಿದ್ದರಂತೆ, ನಿನ್ನ ದನಿ ಕೇಳಲು ಚೆಂದ ಎಂದು. ಅವಳು ಅದನ್ನು ನಂಬಿದ್ದಳು. ಅವಳಿಗಿಂತ ನನಗೇ ಹೆಚ್ಚು ನಾಚಿಕೆಯಾಯಿತು. ನನಗೆ ಅನುಭವವಿದ್ದ ಸುಳ್ಳದು, ಆದರೂ ಗುರುತು ಸಿಕ್ಕಿರಲಿಲ್ಲ.

"ಪೊರೆ ಇರಬೇಕು. ಸಣ್ಣ ಆಪರೇಶನ್," ಎಂದೆ.

"ಅಮ್ಮಂಗೂ ಡಾಕ್ಟ್ರು ಹಾಂಗೇ ಹೇಳಿದ್ದ. ಒಂದು ಕಣ್ಣು ಚೂರು ಕಾಣ್ತಿತ್ತು. ಮಾಡ್ಸಿದ್ಮೇಲೆ ಅದೂ ಹೋತು. ಆಮೇಲೆ ಹನ್ನೊಂದು ವರ್ಷ ಅವಳ ಕೈ ಹಿಡಕಂಡು ತಿರುಗಿದವಳು ಆನು," ಎಂದರು ಅಕ್ಕೋರು.

ಖಾದರ್ ಸಾಹೇಬರು ಗದ್ದೆಯ ಬದುವಿನ ಮೇಲೆ ಕೂತು, ತಮ್ಮ ಕನ್ನಡಕ ತೆಗೆದು, ಗಾಜಿನ ಮೇಲೆ ಹಾ ಎಂದು ಉಸಿರು ಬಿಟ್ಟು ಅಕ್ಕೋರ ಕೈಗೆ ಕೊಟ್ಟರು. "ಕಣ್ಣು ಹೋಗಿಲ್ಲ ಅಕ್ಕೋರೆ. ಒಳಗಿನ ಗಾಜು ಹೀಗೆ ಮಬ್ಬಾಗಿದೆ. ಆಗಿನ ಕಾಲದಲ್ಲಿ ತೆಗೀತಿದ್ರು, ಅಷ್ಟೇ. ಈಗ ತೆಗೆದು ಹೊಸದು ಕೂರಿಸ್ತಾರೆ. ನಮ್ಮಮ್ಮಂಗೆ ಹೋದ ವರ್ಷ ಮಾಡಿಸಿದೆ. ಈಗ ಅಕ್ಕಿಯಲ್ಲಿ ಕಲ್ಲು ಆರಿಸ್ತಾರೆ, ನನ್ನ ತಪ್ಪೂ ಆರಿಸ್ತಾರೆ."

"ಅವರಿಗೆ ಹೆದರಿಕೆ ಆಗಿತ್ತಿಲ್ಯ?"

"ಎರಡು ಸಲ ಬಸ್ ಸ್ಟ್ಯಾಂಡಿನಿಂದ ವಾಪಸ್ ಬಂದಿದ್ರು."

ಅಕ್ಕೋರು ಕನ್ನಡಕವನ್ನು ಸೆರಗಿನಲ್ಲಿ ಒರೆಸಿ ಹಿಂದೆ ಕೊಟ್ಟರು. ಹೋಗುವ ಮುಂಚೆ ಒಂದೇ ಪ್ರಶ್ನೆ ಕೇಳಿದರು. "ಶನಿ ಎಷ್ಟು ದಿನ ಇರ್ತ?"

"ಮಳೆಗಾಲ ಹತ್ತಿರ ಬರೋವರೆಗೆ," ಎಂದೆ.

ಮರುವಾರವೇ ಹುಬ್ಬಳ್ಳಿಗೆ ಹೊರಟೆವು. ಸಾವಿತ್ರಿಯೂ ಜೊತೆಗಿದ್ದಳು. ಬಸ್ ಸ್ಟ್ಯಾಂಡಿನಿಂದ ಅಕ್ಕೋರು ಹಿಂದೆ ತಿರುಗಲಿಲ್ಲ. ಆದರೆ ಆಸ್ಪತ್ರೆಯ ಬಾಗಿಲಲ್ಲಿ ನನ್ನ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ನಿಂತರು. "ತಮಾ, ಯಂಗೆ ಹೆದರಿಕೆ ಆಗ್ತಾ ಇದ್ದು. ಬಾಯಿಬಿಟ್ಟು ಹೇಳ್ತಾ ಇದ್ದೆ. ಇನ್ನು ಸುಳ್ಳು ಸಾಕು." ಎಷ್ಟೋ ವರ್ಷಗಳ ಹಿಂದೆ ನನ್ನ ಕೈ ಹಿಡಿದು ಅಕ್ಷರ ತಿದ್ದಿಸಿದ್ದ ಕೈ ಅದು. ನನಗೂ ಹೆದರಿಕೆ ಆಗುತ್ತಿದೆ ಎಂದೆ. ಅವರಿಗೆ ಅದರಿಂದ ಸ್ವಲ್ಪ ಸಮಾಧಾನವಾದ ಹಾಗೆ ಕಂಡಿತು.

ಒಂದು ಕಣ್ಣಿನ ಆಪರೇಶನ್ ಸರಿಯಾಯಿತು. ಕಣ್ಣಿಗೆ ಹನಿ ಹಾಕಿಕೊಳ್ಳುತ್ತ, ಕಪ್ಪು ಕನ್ನಡಕದಲ್ಲಿ ದಿನ ಎಣಿಸುತ್ತ ಅಕ್ಕೋರು ಮನೆಯಲ್ಲಿದ್ದರು. ವೈದ್ಯರು ಇನ್ನು ಬಗ್ಗಿ ನೋಡಬಹುದು ಎನ್ನುವ ಹೊತ್ತಿಗೆ ಏಪ್ರಿಲ್ ಬಂತು. ಸಂಜೆಯಾದರೆ ಮೋಡ. ಶನಿ ದಿನದಿಂದ ದಿನಕ್ಕೆ ಪಡುವಣಕ್ಕೆ ವಾಲುತ್ತಿದ್ದ. ದಿನಾ ಪೈಪು ಹೊತ್ತು ಹೊರಗೆ ತರುವುದು, ಮೋಡ ನೋಡಿ ಒಳಗೆ ಒಯ್ಯುವುದು. ಆರಿಂಚು ಸಾಕು ಎಂದ ಸಾಹೇಬರನ್ನು ಆ ದಿನಗಳಲ್ಲಿ ಮನಸಾರೆ ಹರಸಿದೆ.

ಒಂದು ಸಂಜೆ ಗುಡುಗಿ ನಾಲ್ಕು ಹನಿ ಬಿದ್ದು ಆಕಾಶ ತೊಳೆದ ಹಾಗಾಯಿತು. ಸಾವಿತ್ರಿ ಓಡಿಹೋಗಿ ಅಕ್ಕೋರನ್ನು ಕರೆತಂದಳು. ಯಾರ ಕೈಯನ್ನೂ ಹಿಡಿಯದೆ ಅವರು ಗದ್ದೆಗೆ ಇಳಿದರು. ನಾನು ಈ ಸಲ ಭಾಷಣ ಮಾಡದೆ ಪೈಪನ್ನು ಚೂರು ಚೂರೇ ತಳ್ಳುತ್ತ ನಿಂತೆ. ಅಕ್ಕೋರು ಸ್ಟೂಲಿನ ಮೇಲೆ ಕೂತು ಆಪರೇಶನ್ ಆದ ಕಣ್ಣನ್ನು ಇಟ್ಟರು.

"ಇದ್ದು," ಎಂದರು ಕಡೆಗೆ.

ಕಣ್ಣು ತೆಗೆಯದೆಯೇ ಮುಂದುವರಿಸಿದರು. "ಹೊಳೆಯೋ ಕಾಳಿನಾಂಗೆ ಇದ್ದು. ಸುತ್ತ ಬಳೆ. ಕಾಳಿಗೂ ಬಳೆಗೂ ಮಧ್ಯ ಕಪ್ಪು ಜಾಗ ಇದ್ದು. ಎಡಗಡೆ ಒಂದು ಚುಕ್ಕಿ, ಚೂರು ದೂರದಲ್ಲಿ." ಆಮೇಲೆ ತಲೆಯೆತ್ತಿ ಸೆರಗಿನಿಂದ ಕಣ್ಣಿನ ಸುತ್ತ ಮೆಲ್ಲಗೆ ಒತ್ತಿಕೊಂಡರು. "ಇಷ್ಟು ವರ್ಷ ಹುಡುಗ್ರಿಗೆ ಇದನ್ನ ಇದ್ದು ಹೇಳಿ ಕಲಿಸಿದ್ದೆ. ನೋಡದ್ದೆ ಕಲಿಸಿದ್ದೆ. ಸದ್ಯ, ಸುಳ್ಳಾಜಿಲ್ಲೆ."

ನಾವೆಲ್ಲ ನಕ್ಕೆವು. ಅವರು ನಗಲಿಲ್ಲ. ನನ್ನ ಕಡೆ ತಿರುಗಿ, ಮೂರನೇ ಇಯತ್ತೆಯ ದನಿಯಲ್ಲಿ, "'ಕಂಡ್ತಾ' ಕೇಳಿದ್ರೆ ಎಲ್ಲರೂ 'ಕಾಣ್ತು' ಹೇಳೇ ಹೇಳ್ತ ತಮಾ. 'ಎಂತ ಕಾಣ್ತು' ಕೇಳು," ಎಂದರು.

ಅವತ್ತು ಮನೆಗೆ ಬಂದ ಮೇಲೆ ಹಳೆಯ ದುರ್ಬೀನಿನ ಸುಳ್ಳನ್ನು ಸಾವಿತ್ರಿಗೆ ಒಪ್ಪಿಸಿದೆ. ಅವಳು ಮಜ್ಜಿಗೆ ಬಡಿಸುತ್ತ, "ಗೊತ್ತಿತ್ತು," ಎಂದಳು. ಅಷ್ಟೆ.

ಅಕ್ಕೋರು ಆಮೇಲೆ ಎಷ್ಟೋ ಚಳಿಗಾಲಗಳನ್ನು ಆ ಸ್ಟೂಲಿನ ಮೇಲೆ ಕಳೆದರು. ಎರಡನೇ ಕಣ್ಣಿಗೂ ತಾವೇ ದಿನ ಗೊತ್ತುಮಾಡಿಕೊಂಡು ಹೋಗಿಬಂದರು. ಈಗ ಅವರಿಲ್ಲ. ಅವರು ತಿದ್ದಿದ ಪ್ರಶ್ನೆ ಇದೆ, ಗದ್ದೆಗೆ ಬಂದವರನ್ನೆಲ್ಲ ಅದನ್ನೇ ಕೇಳುತ್ತೇನೆ.

ನಿನ್ನೆ ಸಂಜೆ, ರಾತ್ರಿ ಊರಲ್ಲೇ ನಿಲ್ಲುವ ವಸ್ತಿ ಬಸ್ಸಿನ ಕಂಡಕ್ಟರ್ ಬಂದಿದ್ದರು. ಹಾವೇರಿ ಕಡೆಯವರು. ಬಸ್ಸು ನಿಲ್ಲಿಸಿ ಕೈಕಾಲು ತೊಳೆದುಕೊಂಡು, ಇದೇನ್ರಿ ಇದು ತೋಪು ಇದ್ದಂಗ ಐತಿ ಎಂದು ಗದ್ದೆಗೆ ಇಳಿದರು. ನಾನು ಗುರುಗ್ರಹಕ್ಕೆ ತಿರುಗಿಸಿಕೊಟ್ಟು, ಏನು ಕಾಣುತ್ತದೆ ಹೇಳಿ ಎಂದೆ.

"ಖರೇ ಹೇಳ್ಲೇನ್ರಿ? ಏನೂ ಕಾಣವಲ್ದು."

ನನಗೆ ಖುಷಿಯಾಯಿತು. ಕಣ್ಣುಮಸೂರವನ್ನು ಮೆಲ್ಲಗೆ ಹಿಂದೆ ಮುಂದೆ ಮಾಡಿದೆ.

"ಈಗ ಬಂತು ನೋಡ್ರಿ. ಒಂದು ದುಂಡಗ ಐತಿ, ಬೆಳ್ಳಗ. ಬಾಜೂಕ ಸಣ್ಣ ಚುಕ್ಕಿ ಅದಾವು, ಒಂದ ಸಾಲಿನ್ಯಾಗ. ಮೂರು."

ಗುರುವಿನ ಚಂದ್ರರು ನಮ್ಮ ಪೈಪಿಗೆ ಕಾಣುವುದು ನಾಲ್ಕು. ನಾಲ್ಕು ಎಂದು ತಿದ್ದಲು ಬಾಯಿ ತೆರೆದವನು, ಎಂದೂ ಇಲ್ಲದೆ ಸುಮ್ಮನಾಗಿ, ಅವರನ್ನು ಸ್ವಲ್ಪ ಸರಿಸಿ ಬಗ್ಗಿ ನೋಡಿದೆ. ನಾಲ್ಕನೆಯದು ಗ್ರಹದ ಹಿಂದೆ ಸರಿದಿರಬೇಕು. ಅವರು ಹೇಳಿದ್ದೇ ಸರಿ. ಮೂರೇ ಇದ್ದವು.