ಅಟ್ಟದ ಮೇಲಿನ ಗೋಲಿ ಮಿಷನ್ನು

ಕಾರ್ತಿಕದ ಒಂದು ಭಾನುವಾರ, ಸಂಜೆ ನಾಲ್ಕು ಗಂಟೆ. ಸ್ಥಳ, ತಿಪಟೂರಿನ ನಮ್ಮ ಮನೆಯ ನಡುಮನೆ. ಹಾಜರಿದ್ದವರು ನಾನು, ನನ್ನ ಹೆಂಡತಿ ಗಿರಿಜಾ ಮತ್ತು ನಿಂತುಹೋದ ಗೋಡೆ ಗಡಿಯಾರ. ಗಂಟೆ ನಾಲ್ಕೆಂದು ಹೇಳಿದ್ದು ಗಡಿಯಾರವಲ್ಲ, ನನ್ನ ಹೊಟ್ಟೆ. ಕಾಫಿಯ ವಿಷಯದಲ್ಲಿ ಅದು ಎಂದೂ ನಿಂತದ್ದಿಲ್ಲ.

ಸ್ಟೂಲು ಹತ್ತಿ ಗಡಿಯಾರ ಇಳಿಸಿದೆ. ಇಳಿಸಿದವನು ಹಿಂದಿನ ಮುಚ್ಚಳ ತೆಗೆದು ಸೆಲ್ ನೋಡಬೇಕಿತ್ತು. ನೋಡಲಿಲ್ಲ. ಕಿವಿಯ ಹತ್ತಿರ ಹಿಡಿದು ಅಲ್ಲಾಡಿಸಿದೆ.

"ಅದೇನು ತೆಂಗಿನಕಾಯೇನ್ರೀ?" ಎಂದಳು ಗಿರಿಜಾ.

ಅವಳ ತೌರು ಮಂಡ್ಯದ ಕಡೆ. ಕಬ್ಬಿನ ಸೀಮೆಯವರು ಯಾವುದನ್ನೂ ಅಲ್ಲಾಡಿಸಿ ನೋಡುವುದಿಲ್ಲ, ಮುರಿದು ನೋಡುತ್ತಾರೆ. ಇಷ್ಟು ವರ್ಷ ನನ್ನೊಂದಿಗೆ ಬಾಳಿದರೂ ನಮ್ಮ ಪದ್ಧತಿ ಅವಳಿಗೆ ಹಿಡಿಸಿಲ್ಲ.

ನಮ್ಮ ಸೀಮೆಯವರಿಗೆ ಬುದ್ಧಿ ಇರುವುದು ಕಿವಿಯಲ್ಲಿ. ಕೊಬ್ಬರಿಗೆಂದು ತೆಗೆದಿಟ್ಟ ಕಾಯನ್ನು ಅಟ್ಟಕ್ಕೆ ಹಾಕಿ ಹೆಚ್ಚು ಕಡಿಮೆ ಒಂದು ವರ್ಷ ಬಿಡುತ್ತೇವೆ. ಆಗಾಗ ಹತ್ತಿಹೋಗಿ ಒಂದನ್ನೆತ್ತಿ ಕಿವಿಯ ಬಳಿ ಅಲ್ಲಾಡಿಸುತ್ತೇವೆ. ಗುಳುಗುಳು ಎಂದರೆ ಒಳಗಿನ್ನೂ ನೀರಿದೆ, ಆಗಿಲ್ಲ. ಗಡಗಡ ಎಂದರೆ ನೀರು ಇಂಗಿ ಕೊಬ್ಬರಿ ಚಿಪ್ಪಿನಿಂದ ಬಿಟ್ಟುಕೊಂಡಿದೆ, ಆಗಿದೆ. ನಮ್ಮ ಶಾಸ್ತ್ರ ಇಷ್ಟೇ. ಇದನ್ನು ಕಾಯಿಗೆ ಮಾತ್ರ ಇಟ್ಟುಕೊಂಡಿದ್ದರೆ ತೊಂದರೆಯಿರಲಿಲ್ಲ. ಟಾರ್ಚು, ರೇಡಿಯೋ, ಸೀಮೆಎಣ್ಣೆ ಡಬ್ಬ, ಔಷಧಿ ಸೀಸೆ, ಅಂಚೆಯಲ್ಲಿ ಬಂದ ಪೊಟ್ಟಣ, ನಮ್ಮ ಕೈಯಲ್ಲಿ ಅಲ್ಲಾಡದೆ ಒಳಗೆ ಬಂದ ವಸ್ತುವೇ ಇಲ್ಲ. ಮದುವೆಯ ವಿಷಯದಲ್ಲಿ ಮಾತ್ರ ನಮ್ಮವರು ಮೋಸಹೋಗುವುದುಂಟು. ವರನನ್ನು ಕಿವಿಯ ಬಳಿ ಹಿಡಿದು ಅಲ್ಲಾಡಿಸಲು ಬೀಗರು ಒಪ್ಪುವುದಿಲ್ಲ.

ಈ ಅಭ್ಯಾಸ ಒಮ್ಮೆ ಒಂದು ಯಂತ್ರದ ಹಣೆಬರಹ ಬರೆಯಿತು. ಎಪ್ಪತ್ತರ ದಶಕದ ಮಾತು. ಸ್ಟೇಷನ್ನಿನ ಕಡೆ ಹೋಗುವ ಬೀದಿಯಲ್ಲಿ ಖಲೀಲ್ ಸಾಬರೆಂಬುವರು ಪಂಪ್‌ಸೆಟ್ ರಿಪೇರಿ ಅಂಗಡಿ ಇಟ್ಟಿದ್ದರು. ಅವರು ಮೋಟರು ಸುತ್ತುವ ತಂತಿ ತರಲು ಬೆಂಗಳೂರಿಗೆ ಹೋದವರು, ಯಾವುದೋ ಕ್ಲಬ್ಬಿನವರು ಹೊರಗೆ ಹಾಕಿದ್ದ ಒಂದು ಪಿನ್‌ಬಾಲ್ ಯಂತ್ರವನ್ನು ಲಾರಿಯಲ್ಲಿ ಹೇರಿಸಿಕೊಂಡು ಬಂದರು. ನಾಲ್ಕು ಕಾಲಿನ ಇಳಿಜಾರು ಮೇಜು, ಮೇಲೆ ಗಾಜು, ಒಳಗೆ ಬಣ್ಣದ ದೀಪ, ಗಂಟೆ, ರಬ್ಬರು ಕಟ್ಟಿದ ಗೂಟಗಳು. ಸ್ಪ್ರಿಂಗು ಎಳೆದು ಬಿಟ್ಟರೆ ಉಕ್ಕಿನ ಗೋಲಿ ಮೇಲಕ್ಕೆ ಹಾರಿ, ಗೂಟದಿಂದ ಗೂಟಕ್ಕೆ ಬಡಿದುಕೊಂಡು ಕೆಳಗಿಳಿಯುತ್ತದೆ. ಕೆಳಗಿನ ಗುಳಿಗೆ ಬೀಳದ ಹಾಗೆ ಎರಡು ರೆಕ್ಕೆಗಳಿಂದ ಅದನ್ನು ಮತ್ತೆ ಮೇಲಕ್ಕೆ ಹೊಡೆಯಬೇಕು. ಊರು ಅದಕ್ಕೆ ಗೋಲಿ ಮಿಷನ್ನು ಎಂದು ಹೆಸರಿಟ್ಟಿತು.

ಮಿಷನ್ನಿನ ತಲೆಯ ಗಾಜಿನ ಮೇಲೆ ಈಜುಡುಗೆಯ ಬಿಳಿ ಹೆಂಗಸೊಬ್ಬಳ ಚಿತ್ರವಿತ್ತು. ಬಂದ ದಿನವೇ ಪಕ್ಕದ ಟೈಲರು ಅವಳಿಗೊಂದು ಲಂಗ ಕತ್ತರಿಸಿ ಮೈದಾ ಅಂಟಿನಿಂದ ಅಂಟಿಸಿದರು. ಲಂಗ ಆಟದ ಪಾಯಿಂಟು ತೋರಿಸುವ ಅಂಕಿಗಳ ಮೇಲೂ ಒಂದಿಷ್ಟು ಇಳಿದಿದ್ದರಿಂದ ಕೊನೆಯ ಅಂಕಿ ಯಾರಿಗೂ ಕಾಣುತ್ತಿರಲಿಲ್ಲ. ಸಂಸ್ಕೃತಿ ಉಳಿಯಿತು, ಲೆಕ್ಕ ಹೋಯಿತು.

ನಮ್ಮಪ್ಪ ಕೊಬ್ಬರಿ ವ್ಯಾಪಾರಿ ಮತ್ತು ವೇಳಾಪಟ್ಟಿಯ ಮನುಷ್ಯ. ಮನೆಯಲ್ಲಿ ಏಳುವುದಕ್ಕೆ, ವಿಭೂತಿ ಹಚ್ಚಿ ಪೂಜೆಗೆ ಕೂರುವುದಕ್ಕೆ, ಓದುವುದಕ್ಕೆ, ಅಟ್ಟ ಹತ್ತಿ ಕಾಯಿ ನೋಡುವುದಕ್ಕೆ, ಎಲ್ಲಕ್ಕೂ ಹೊತ್ತು ಗೊತ್ತಾಗಿತ್ತು. ಐದರಿಂದ ಐದೂವರೆಯವರೆಗೆ ಮಾತ್ರ ನಾನು ನನ್ನವನು. ಆ ಅರ್ಧ ಗಂಟೆಯಲ್ಲಿ ನಾನು ಮತ್ತು ಗೆಳೆಯ ನಂಜುಂಡ ಸಾಬರ ಅಂಗಡಿಯಲ್ಲಿರುತ್ತಿದ್ದೆವು. ಒಂದು ನಾಲ್ಕಾಣೆಗೆ ಇಬ್ಬರು. ಎಡ ರೆಕ್ಕೆ ಅವನದು, ಬಲ ರೆಕ್ಕೆ ನನ್ನದು.

ಮಿಷನ್ನಿನ ಹೊಟ್ಟೆಯಲ್ಲಿ ಒಂದು ಗುಟ್ಟಿತ್ತು. ಒಂದು ಬಳೆ, ಅದರ ನಡುವೆ ಇಳಿಬಿಟ್ಟ ಸಣ್ಣ ಗುಂಡು, ಗಾರೆಯವರ ತೂಗುಗುಂಡಿನ ಹಾಗೆ. ಆಡುವವನು ಮೇಜನ್ನು ಜೋರಾಗಿ ಅಲ್ಲಾಡಿಸಿದರೆ ಗುಂಡು ಬಳೆಗೆ ತಾಗುತ್ತದೆ, ದೀಪ ಆರುತ್ತದೆ, ರೆಕ್ಕೆ ಸಾಯುತ್ತದೆ, ಆಟ ಮುಗಿಯುತ್ತದೆ. ಹಾಗೆಂದು ಮೇಜನ್ನು ಮುಟ್ಟಲೇಬಾರದೆಂದಲ್ಲ. ಗೋಲಿ ಗುಳಿಯ ಅಂಚಿನಲ್ಲಿ ತೂಕಡಿಸುವಾಗ ಅಂಗೈಯಿಂದ ಒಂದು ಸಣ್ಣ ತಳ್ಳು ಕೊಡಬಹುದು. ಗೋಲಿ ಉಳಿಯುವಷ್ಟು, ಗುಂಡು ಎಚ್ಚರವಾಗದಷ್ಟು. ಆಟದ ವಿದ್ಯೆಯೆಲ್ಲ ಆ ತಳ್ಳಿನಲ್ಲಿತ್ತು. ಅಪ್ಪನ ಮನೆಯಲ್ಲಿ ಬೆಳೆದವನಿಗೆ ಅದು ಬೇಗ ಒಲಿಯಿತು. ಯಾವ ನಿಯಮವನ್ನು ಎಷ್ಟು ತಳ್ಳಿದರೆ ದೀಪ ಆರುವುದಿಲ್ಲ ಎಂಬುದನ್ನು ನಾನು ಊಟದ ಮಣೆಯ ಮೇಲೆಯೇ ಕಲಿತಿದ್ದೆ.

ಕೊಬ್ಬರಿ ಮಂಡಿ ಮಾಲೀಕ ಮರುಳಪ್ಪನವರಿಗೆ ಈ ಮಿಷನ್ನಿನಿಂದ ಯುವಜನರು ಹಾಳಾಗುತ್ತಾರೆಂಬ ಚಿಂತೆ ಹತ್ತಿತು. ಚಿಂತೆ ಹತ್ತಿದಾಗ ಅವರು ಇಸ್ಪೀಟು ಆಡುತ್ತಿದ್ದರು. ಎದುರಿಗೆ ಕೂತಿದ್ದ ನಿವೃತ್ತ ಹೆಡ್‌ಮೇಷ್ಟ್ರು ಕೈಯಲ್ಲಿದ್ದ ಎಲೆಗಳನ್ನು ಮುಚ್ಚಿಟ್ಟು, ಜೂಜು ಸಮಾಜದ ಪಿಡುಗೆಂದು ಅನುಮೋದಿಸಿದರು. ಎಲೆ ಹಾಕುವುದರೊಳಗೆ ಒಂದು ಸಮಿತಿ ಹುಟ್ಟಿತು. ಮೂರನೆಯ ಸದಸ್ಯರಾಗಿ ಇಸ್ಪೀಟು ಮುಟ್ಟದ ನಮ್ಮಪ್ಪನನ್ನು ಸೇರಿಸಿಕೊಂಡರು. ಸಮಿತಿಗೆ ಒಂದು ಮರ್ಯಾದೆ ಬೇಕಿತ್ತು. ಜೊತೆಗೆ ಇಡೀ ಪೇಟೆಯಲ್ಲಿ ಅಪ್ಪನ ಕಿವಿಯಂಥ ಕಿವಿ ಇನ್ನೊಂದಿರಲಿಲ್ಲ. ಉಳಿದವರು ಕಾಯನ್ನು ಅಲ್ಲಾಡಿಸಿ ಹೇಳುತ್ತಿದ್ದುದನ್ನು ಅವರು ಉಗುರಿನಿಂದ ತಟ್ಟಿ ಹೇಳುತ್ತಿದ್ದರು.

ಸಮಿತಿಯ ಮುಂದಿದ್ದ ಪ್ರಶ್ನೆ, ಇದು ಜೂಜೋ ಆಟವೋ ಎಂಬುದು. ಜೂಜೆಂದಾದರೆ ಮಿಷನ್ನು ಅಂದೇ ಬೆಂಗಳೂರಿನ ಲಾರಿ ಹತ್ತಬೇಕು. ಸಾಬರು ಒಪ್ಪದಿದ್ದರೆ ಅವರೂ ಹತ್ತಬೇಕು, ಏಕೆಂದರೆ ಅಂಗಡಿಯ ಮಳಿಗೆ ಮರುಳಪ್ಪನವರದು. ಸಾಬರು ಹಿಂದಿನ ದಿನ ನಮ್ಮಿಬ್ಬರನ್ನೂ ಕರೆದು, "ನೀವು ಆಡಿ ತೋರ್ಸ್ಬೇಕು ಕಣ್ರಪ್ಪ. ಇದ್ರಲ್ಲಿ ಕೈಚಳಕ ಐತೆ ಅಂತ ಅವ್ರಿಗೆ ಕಂಡ್ರೆ ಸಾಕು, ನಾನ್ ಬದುಕ್ಕೊಂಡೆ" ಎಂದರು. ನಂಜುಂಡ ಆ ರಾತ್ರಿಯೇ ಎಡಗೈಗೆ ಹರಳೆಣ್ಣೆ ತಿಕ್ಕಿಕೊಂಡ.

ಮರುದಿನ ಐದಕ್ಕೆ ಸಮಿತಿ ಬಂತು. ಸಾಬರು ಮಿಷನ್ನಿನ ಗಾಜು ಒರೆಸಿ ಲಂಗಕ್ಕೆ ಹೊಸ ಅಂಟು ಹಚ್ಚಿದ್ದರು. ನಾವಿಬ್ಬರೂ ರೆಕ್ಕೆಯ ಗುಂಡಿಗಳ ಮೇಲೆ ಬೆರಳಿಟ್ಟು ನಿಂತೆವು. ಸಾಬರು ನಾಲ್ಕಾಣೆ ಹಾಕಿದರು. ದೀಪಗಳು ಹತ್ತಿದವು.

"ಸರೀರ್ಲಾ, ಮೊದ್ಲು ನೋಡಾನ" ಎಂದು ನಮ್ಮನ್ನು ಪಕ್ಕಕ್ಕೆ ಸರಿಸಿ ಮರುಳಪ್ಪನವರು ಮುಂದೆ ಬಂದರು. ಮೇಜಿನ ಎರಡು ಅಂಚನ್ನೂ ಹಿಡಿದರು. ಬಗ್ಗಿ ಗಾಜಿಗೆ ಕಿವಿ ಕೊಟ್ಟರು. ಆಮೇಲೆ, ಹುಟ್ಟಿದಾರಭ್ಯ ಎಲ್ಲಕ್ಕೂ ಮಾಡಿದ್ದನ್ನು ಅದಕ್ಕೂ ಮಾಡಿದರು.

ದೀಪ ಆರಿತು.

"ಸತ್ತೋಯ್ತಲ್ಲಯ್ಯ ಸಾಬು?"

"ಅಲ್ಲಾಡಿಸ್ಬಾರ್ದು ಯಜಮಾನ್ರೇ, ಅದ್ಕೆ ಆಗಲ್ಲ."

"ಅಲ್ಲಾಡಿಸ್ದೆ ಒಳಗೇನೈತೆ ಅಂತ ಹೆಂಗಯ್ಯ ಗೊತ್ತಾಗೋದು?"

ಸಾಬರು ಜೇಬಿಗೆ ಕೈ ಹಾಕಿದರು. ಇನ್ನೊಂದು ನಾಲ್ಕಾಣೆ ಹಾಕಿದರು. ಈ ಸಲ ಹೆಡ್‌ಮೇಷ್ಟ್ರು ಮುಂದೆ ಬಂದು, ತಾವು ವಿಜ್ಞಾನ ಬೋಧಿಸಿದವರೆಂದು ನೆನಪಿಸಿ, ವಿಜ್ಞಾನಕ್ಕೆ ತಕ್ಕಂತೆ ಮೊದಲು ಎಡಕ್ಕೂ ಆಮೇಲೆ ಬಲಕ್ಕೂ ಅಲ್ಲಾಡಿಸಿದರು. ಬಲಕ್ಕೆ ಹೋಗುವ ಮೊದಲೇ ದೀಪ ಆರಿತ್ತು. ಮರುಳಪ್ಪನವರು ಸಿಟ್ಟಿನಿಂದ ಮತ್ತೊಮ್ಮೆ ಹಾಕಿಸಿ ಮತ್ತೊಮ್ಮೆ ಅಲ್ಲಾಡಿಸಿದರು. ನಾವಿಬ್ಬರು ಗುಂಡಿ ಒತ್ತುವ ಕಾಲವೇ ಬರಲಿಲ್ಲ.

"ಕಾಸು ನುಂಗ್ತೈತೆ, ಏನೂ ಕೊಡಾಕಿಲ್ಲ. ಜೂಜಲ್ದೆ ಇನ್ನೇನು? ಲಾರಿಗೆ ಹಾಕ್ಸು ಬುಡು" ಎಂದರು ಮರುಳಪ್ಪನವರು. ಪ್ರತಿದಿನ ಸಂಜೆ ಕಾಸು ನುಂಗಿಸಿಕೊಂಡು ಬರುವವರಾದ್ದರಿಂದ ಆ ಮಾತಿಗೆ ಅನುಭವದ ತೂಕವಿತ್ತು. ಸಾಬರು ತಲೆಯ ಮೇಲಿನ ಟೋಪಿ ತೆಗೆದು ಮತ್ತೆ ಹಾಕಿಕೊಂಡರು. ನಂಜುಂಡ ನನ್ನ ಅಂಗಿ ಹಿಡಿದು, "ನಿಮ್ಮಪ್ಪಂಗೆ ಏನಾರ ಹೇಳ್ಲಾ" ಎಂದ. ನಮ್ಮಪ್ಪನಿಗೆ ಏನಾದರೂ ಹೇಳುವ ಪದ್ಧತಿ ನಮ್ಮ ಮನೆಯಲ್ಲಿರಲಿಲ್ಲ.

ಅಪ್ಪ ಅಲ್ಲಿಯವರೆಗೆ ಕೈಕಟ್ಟಿ ನಿಂತಿದ್ದರು. ಈಗ ಬಂದು ಮೇಜಿನ ಬದಿಗೆ ಉಗುರಿನಿಂದ ಒಮ್ಮೆ ತಟ್ಟಿದರು. ತಲೆ ವಾಲಿಸಿ ಕೇಳಿದರು. ಇನ್ನೊಂದು ಕಡೆ ತಟ್ಟಿದರು.

"ಇನ್ನೂ ಆಗಿಲ್ಲ" ಎಂದರು.

"ಏನು?" ಎಂದರು ಮರುಳಪ್ಪನವರು.

"ಮಿಷನ್ನು. ಒಳಗೆ ಹಸಿ ಐತೆ. ಆಗ್ದೆ ಇರೋದನ್ನ ಜೂಜು ಅಂತ್ಲೂ ಹೇಳಕ್ಕಾಗಲ್ಲ, ಆಟ ಅಂತ್ಲೂ ಹೇಳಕ್ಕಾಗಲ್ಲ. ಒಂದು ವರ್ಷ ಅಟ್ಟಕ್ಕೆ ಹಾಕಿ. ಆಮೇಲೆ ನೋಡಾನ."

ಅಪ್ಪ ತಮಾಷೆ ಮಾಡಿದ್ದನ್ನು ಊರಿನಲ್ಲಿ ಯಾರೂ ಕೇಳಿರಲಿಲ್ಲ. ಆದ್ದರಿಂದ ಅದು ತಮಾಷೆಯಿರಬಹುದೆಂದು ಯಾರಿಗೂ ಅನ್ನಿಸಲಿಲ್ಲ. ಅಲ್ಲದೆ ಈ ತೀರ್ಪು ಸಮಿತಿಗೆ ಕೂಡಲೇ ಅರ್ಥವಾಯಿತು; ಜೂಜು, ಕೈಚಳಕ ಎಂಬ ತಕರಾರುಗಳಿಗಿಂತ ಇದು ತಿಳಿದ ವಿಷಯ. ಹೆಡ್‌ಮೇಷ್ಟ್ರು, ತಮಗೂ ಹಾಗೆಯೇ ಕೇಳಿಸಿತ್ತೆಂದರು. ಯಾರ ಅಟ್ಟ ಎಂಬ ಪ್ರಶ್ನೆ ಬಂದಾಗ, "ನಮ್ದರಲ್ಲಿ ಜಾಗ ಐತೆ" ಎಂದರು ಅಪ್ಪ.

ಹೀಗೆ ಗೋಲಿ ಮಿಷನ್ನು ಕಾಲು ಬಿಚ್ಚಿಸಿಕೊಂಡು, ತಲೆ ತೆಗೆಸಿಕೊಂಡು, ಕಾಯಿ ಚೀಲ ಎಳೆಯುವ ಹಗ್ಗದಲ್ಲಿ ನಮ್ಮ ಅಟ್ಟ ಹತ್ತಿತು. ಗಾಜು ಒಡೆದೀತೆಂದು ಅದನ್ನೂ ಲಂಗದ ಹೆಂಗಸನ್ನೂ ಕೆಳಗೆ ಕಣಜದ ಹಿಂದೆ ಗೋಣಿ ಸುತ್ತಿ ಇಟ್ಟರು.

ಅಟ್ಟದ ಕಾಯಿ ನೋಡುವ ನನ್ನ ಹೊತ್ತು ಆ ವಾರದಿಂದ ಬದಲಾಯಿತು. ಅದುವರೆಗೆ ಬೆಳಿಗ್ಗೆ ಇದ್ದದ್ದನ್ನು ಅಪ್ಪ ಸಂಜೆ ಐದಕ್ಕೆ ಹಾಕಿದರು. ಕಾರಣ ಹೇಳಲಿಲ್ಲ, ಅವರು ವೇಳಾಪಟ್ಟಿಗೆ ಕಾರಣ ಹೇಳುವವರಲ್ಲ. ನಾನು ಐದಕ್ಕೆ ಏಣಿ ಹತ್ತುತ್ತಿದ್ದೆ. ನಂಜುಂಡನೂ ಕಾಯಿ ನೋಡಲು ಬರುತ್ತಿದ್ದ. ಮಿಷನ್ನಿನ ತಲೆಯ ಕಡೆಗೆ ಎರಡು ಕಾಯಿ ಒತ್ತು ಕೊಟ್ಟರೆ ಇಳಿಜಾರು ಸಿದ್ಧ. ಕರೆಂಟಿಲ್ಲದೆ ರೆಕ್ಕೆ ಆಡುತ್ತಿರಲಿಲ್ಲ, ಆದರೆ ಸ್ಪ್ರಿಂಗಿಗೆ ಕರೆಂಟಿನ ಹಂಗಿರಲಿಲ್ಲ. ಗೋಲಿ ಹಾರಿ, ಗೂಟಗಳಿಗೆ ಬಡಿದು, ದೀಪವೂ ಗಂಟೆಯೂ ಇಲ್ಲದೆ ಕಾಯಿರಾಶಿಯ ನಡುವೆ ಉರುಳಿ ಬರುವ ಸದ್ದು ಇಡೀ ಮನೆಗೆ ಕೇಳಿಸುತ್ತಿತ್ತು. ಕೆಳಗೆ ಜಗಲಿಯಲ್ಲಿ ಕೂತಿರುತ್ತಿದ್ದುದು ಪೇಟೆಯಲ್ಲೇ ಚುರುಕಾದ ಕಿವಿ. ಅದು ಏನನ್ನೂ ಕೇಳಿಸಿಕೊಳ್ಳಲಿಲ್ಲ. ಒಂದೇ ಒಂದು ಮಾತು ಪ್ರತಿದಿನ ಮೇಲೆ ಬರುತ್ತಿತ್ತು: "ಐದೂವರೆ ಆಯ್ತು."

ಆ ವರ್ಷ ನಮ್ಮ ಅಟ್ಟಕ್ಕೆ ಬಂದವರು ಬಹಳ. ಕಾಯಿ ನೋಡಲು ಹೊನ್ನವಳ್ಳಿಯಿಂದ, ಹುಳಿಯಾರಿನಿಂದ ಬಂದ ವ್ಯಾಪಾರಿಗಳು, ಕೂಲಿಯವರು, ನೆಂಟರು. ಬಂದವರು ಒಂದು ಕಾಯಿ ಎತ್ತಿ ಅಲ್ಲಾಡಿಸುವರು. ಪಕ್ಕದಲ್ಲಿ ಮಿಷನ್ನಿದೆ, ಅದನ್ನೂ ಒಂದು ಸಲ ಜಗ್ಗಿ ಅಲ್ಲಾಡಿಸುವರು. "ಇದಿನ್ನೂ ಆಗಿಲ್ಲ ಕಣಪ್ಪ" ಎಂದು ಹೇಳಿ ಇಳಿಯುವರು. ಮರುಳಪ್ಪನವರಂತೂ ಸಮಿತಿಯ ಅಧ್ಯಕ್ಷರ ಹೊಣೆಯಿಂದ ಹಬ್ಬ ಹುಣ್ಣಿಮೆಗೆ ಬಂದು ಅಲ್ಲಾಡಿಸಿ ಹೋಗುತ್ತಿದ್ದರು.

ವರ್ಷ ತುಂಬಿತು. ಒಂದು ಸಂಜೆ ಮರುಳಪ್ಪನವರು ಹತ್ತಿ ಅಲ್ಲಾಡಿಸಿದಾಗ ಮಿಷನ್ನಿನ ಹೊಟ್ಟೆಯಿಂದ ಸ್ಪಷ್ಟವಾಗಿ ಗಡಗಡ ಎಂಬ ಸದ್ದು ಬಂತು.

"ಆಗೈತೆ ಕಣ್ರಯ್ಯ!" ಎಂದು ಅಟ್ಟದ ಮೇಲಿಂದಲೇ ಕೂಗಿದರು.

ಏನಾಗಿತ್ತೆಂದು ಸಾಬರಿಗೆ ಮುಚ್ಚಳ ತೆಗೆದಾಗ ತಿಳಿಯಿತು. ಊರಿಗೆ ಊರೇ ವರ್ಷಪೂರ್ತಿ ಅಲ್ಲಾಡಿಸಿದ್ದಕ್ಕೆ ಆ ತೂಗುಗುಂಡು ಕಳಚಿ ತಳಕ್ಕೆ ಬಿದ್ದು ಉರುಳಾಡುತ್ತಿತ್ತು. ಮಿಷನ್ನಿಗೆ ಇನ್ನು ಸಾಯಲು ಬರುತ್ತಿರಲಿಲ್ಲ. ಅಂಗಡಿಯಲ್ಲಿ ಜೋಡಿಸಿ, ಕರೆಂಟು ಕೊಟ್ಟು, ಗೋಲಿ ಹಾರಿಸಿದರು. ಮರುಳಪ್ಪನವರು ಅಲ್ಲಾಡಿಸಿದರು. ದೀಪ ಉರಿಯುತ್ತಲೇ ಇತ್ತು. ಇನ್ನಷ್ಟು ಅಲ್ಲಾಡಿಸಿದರು. ಗೋಲಿ ಗುಳಿಯವರೆಗೆ ಬಂದು, ಹೆದರಿ ವಾಪಸು ಹೋಯಿತು. ಗಂಟೆಗಳು ಬಾರಿಸಿದವು. ಇದು ಜೂಜಲ್ಲ, ಅಪ್ಪಟ ಕೈಚಳಕ ಎಂದು ಸಮಿತಿ ಅಲ್ಲೇ ನಿಂತು ಒಮ್ಮತದಿಂದ ತೀರ್ಮಾನಿಸಿತು. ಸಾಬರ ಅಂಗಡಿ ಉಳಿಯಿತು.

ಅಂದಿನಿಂದ ಮಿಷನ್ನು ದೊಡ್ಡವರದಾಯಿತು. ಸಂಜೆಯಾದರೆ ಪೇಟೆಯ ಗಣ್ಯರು ಸಾಲಾಗಿ ನಿಂತು ಅಲ್ಲಾಡಿಸುವರು. ಯಾರೂ ಸೋಲುತ್ತಿರಲಿಲ್ಲ. ನಂಜುಂಡ ಒಂದು ದಿನ ಸಾಬರ ಬಳಿ ಹೋಗಿ, "ಆ ಗುಂಡು ತಿರ್ಗ ಕಟ್ಬುಡಿ ಸಾಬ್ರೇ" ಎಂದು ಬೇಡಿದ.

"ಅರೆ, ಯಜಮಾನ್ರು ಗೆಲ್ತಾವ್ರೆ ಕಣಪ್ಪ" ಎಂದರು ಸಾಬರು. "ಈಗ ಕಟ್ಟಿದ್ರೆ ಮಳಿಗೆ ಬಿಡು ಅಂತಾರೆ."

ಆದರೆ ಸೋಲದ ಆಟವನ್ನು ಎಷ್ಟು ದಿನ ಗೆಲ್ಲುವುದು? ಮೂರು ತಿಂಗಳಾಗುವ ಹೊತ್ತಿಗೆ ಗಣ್ಯರ ಸಾಲು ಕರಗಿತು. ಮರುಳಪ್ಪನವರು ಇಸ್ಪೀಟಿಗೆ ಮರಳಿದರು, ಅಲ್ಲಿ ಸೋಲಬಹುದಿತ್ತು. ಅಪ್ಪ ಅಂಗಡಿಯ ಮುಂದೆ ಹಾದುಹೋಗುವಾಗ ಒಮ್ಮೆ ನಿಂತು, ಉಗುರಿನಿಂದ ಮೇಜನ್ನು ತಟ್ಟಿ ಕೇಳಿದರು.

"ಜಾಸ್ತಿ ಆಗೋಯ್ತು" ಎಂದು ನನ್ನ ಕಡೆ ನೋಡದೆ ಹೇಳಿ ನಡೆದರು.

ಸಾಬರು ಆ ಮೇಜಿನ ಮೇಲೆ ಮೋಟರು ಬಿಚ್ಚಿಟ್ಟುಕೊಂಡು ಕೆಲಸ ಮಾಡತೊಡಗಿದರು. ಲಂಗದ ಹೆಂಗಸು ಮಾತ್ರ ಬಹಳ ಕಾಲ ಗೋಡೆಗೆ ಒರಗಿಕೊಂಡು ಪಂಪ್‌ಸೆಟ್ಟುಗಳನ್ನು ನೋಡುತ್ತಿದ್ದಳು.

ಮುಂದೆ ನಾನೂ ವೇಳಾಪಟ್ಟಿಯ ಮನುಷ್ಯನಾದೆ. ನನ್ನ ಶಿಸ್ತನ್ನು ಕಂಡು ಜನ ನಗುತ್ತಾರೆ, ನಗಲಿ. ನನ್ನ ದಿನದ ಹೊಟ್ಟೆಯಲ್ಲೂ ಒಂದು ಗುಂಡು ತೂಗುತ್ತಿರುತ್ತದೆ. ಅದು ತೂಗುತ್ತಿರುವುದರಿಂದಲೇ ನಡುನಡುವೆ ಅಂಗೈಯಿಂದ ಒಂದು ಸಣ್ಣ ತಳ್ಳು ಕೊಡುವ ಸುಖವೂ ಇದೆ. ಅಪ್ಪ ತಮ್ಮ ವೇಳಾಪಟ್ಟಿಯನ್ನು ಆ ವರ್ಷ ಎಷ್ಟು ತಳ್ಳಿದರೆಂಬುದು ನನಗೆ ಅರ್ಥವಾಗುವ ಹೊತ್ತಿಗೆ ಹೇಳೋಣವೆಂದರೆ ಅವರಿರಲಿಲ್ಲ. ಇದ್ದಿದ್ದರೂ ಕೇಳಿಸಿಕೊಳ್ಳುತ್ತಿರಲಿಲ್ಲ.

ಗಡಿಯಾರ ಅಲ್ಲಾಡಿಸಿದ್ದಕ್ಕೆ ಓಡಲಿಲ್ಲ. ಗಿರಿಜಾ ಕೊಟ್ಟ ಹೊಸ ಸೆಲ್ ಹಾಕಿದ್ದಕ್ಕೆ ಓಡಿತು. ಅಷ್ಟರಲ್ಲಿ ಕಾಫಿಯಾಗಿ, ಇದನ್ನೆಲ್ಲ ಬರೆದೂ ಆಗಿತ್ತು. ಮುಳ್ಳು ತಿರುಗಿಸಿ ಹೊತ್ತಿಗೆ ಸರಿಮಾಡಿ, ಸ್ಟೂಲು ಹತ್ತಿ ಗಡಿಯಾರವನ್ನು ಮೊಳೆಗೆ ತಗುಲಿಸಿದೆ.

"ಎಷ್ಟಾಯ್ತು?" ಎಂದಳು ಒಳಗಿನಿಂದ.

"ಐದೂವರೆ ಆಯ್ತು" ಎಂದು ಹೇಳಿ ಇಳಿದು, ಸ್ಟೂಲನ್ನು ಅದರ ಜಾಗದಲ್ಲಿಟ್ಟೆ.